18 ಮಿ.ಮೀ. ಝೋನ್ ಬಂದಿದೆ, ಇದನ್ನು ಹೊಸ ಆಂಟಿಬಯಾಟಿಕ್ ಎನ್ನಬಹುದೇ?

ಅಗರ್ ಪ್ಲೇಟಿನಲ್ಲಿ ನಿಮ್ಮ ಸಂಯುಕ್ತದ ಸುತ್ತ 18 ಮಿ.ಮೀ. ಅಗಲಕ್ಕೆ ಸ್ಟೆಫೈಲೊಕಾಕಸ್ ಬ್ಯಾಕ್ಟೀರಿಯಾ ಬೆಳೆದಿಲ್ಲ (ಈ ಖಾಲಿ ವೃತ್ತವೇ ಝೋನ್), ಮುಂದೇನು ಅಂತ ಕೇಳಿದ್ದೀರಿ. ಆಂಟಿಬಯಾಟಿಕ್ ಎಂಬ ಮಾತು ಈಗಲೇ ಬೇಡ. ಔಷಧದ ಬಲದಷ್ಟೇ, ಅದು ಅಗರ್‌ನಲ್ಲಿ ಎಷ್ಟು ಸಲೀಸಾಗಿ ಹರಡುತ್ತದೆ ಅನ್ನುವುದೂ ಝೋನಿನ ಅಗಲವನ್ನು ನಿರ್ಧರಿಸುತ್ತದೆ. ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಸರಿಯಾಗಿ ಹರಡುವುದಿಲ್ಲ, ಹಾಗಾಗಿಯೇ ಅದಕ್ಕೆ ಡಿಸ್ಕ್ ಪರೀಕ್ಷೆಯನ್ನು (ಔಷಧದ ಬಿಲ್ಲೆ ಅಗರ್ ಮೇಲಿಟ್ಟು ಝೋನ್ ಅಳೆಯುವುದು) ನಂಬುವಂತಿಲ್ಲ.

ನಿಮಗೆ ಬೇಕಿರುವುದು ಎಂಐಸಿ: ಬೆಳವಣಿಗೆ ಕಣ್ಣಿಗೆ ಕಾಣದಂತೆ ತಡೆಯುವ ಕನಿಷ್ಠ ಸಾಂದ್ರತೆ. 96 ಗುಳಿಗಳ ಪ್ಲೇಟ್ ತೆಗೆದುಕೊಳ್ಳಿ. ಮಾಧ್ಯಮ ಮ್ಯುಲ್ಲರ್-ಹಿಂಟನ್ ಬ್ರಾತ್ (ಬ್ಯಾಕ್ಟೀರಿಯಾ ಬೆಳೆಸುವ ಪೋಷಕ ದ್ರವ), ಕ್ಯಾಲ್ಸಿಯಂ, ಮೆಗ್ನೀಸಿಯಂ ಸರಿಹೊಂದಿಸಿದ್ದೇ ಆಗಬೇಕು. 2ರಿಂದ 11ನೇ ಕಾಲಂವರೆಗೆ 50 ಮೈಕ್ರೋಲೀಟರ್ ಬ್ರಾತ್ ಹಾಕಿ. 1ನೇ ಕಾಲಂಗೆ 256 ಮೈಕ್ರೋಗ್ರಾಂ/ಮಿ.ಲೀ. ಇರುವ ಸಂಯುಕ್ತ 100 ಮೈಕ್ರೋಲೀಟರ್. ಅಲ್ಲಿಂದ 50 ಎತ್ತಿ ಮುಂದಿನದಕ್ಕೆ, ಹೀಗೆ 10ನೇ ಕಾಲಂವರೆಗೆ. ಕೊನೆಯ 50 ಚೆಲ್ಲಿ. ಪ್ರತಿ ಸಲ ಟಿಪ್ ಬದಲಿಸಿ, ಇಲ್ಲದಿದ್ದರೆ ಔಷಧ ಅಂಟಿಕೊಂಡು ಮುಂದಿನ ಗುಳಿಗೂ ಹೋಗುತ್ತದೆ. 11 ಔಷಧವಿಲ್ಲದ, ಬೆಳವಣಿಗೆಯ ಕಂಟ್ರೋಲ್ (ಹೋಲಿಕೆಯ ಗುಳಿ). 12ರಲ್ಲಿ 100 ಮೈಕ್ರೋಲೀಟರ್ ಬರೀ ಬ್ರಾತ್, ಅದಕ್ಕೆ ಬ್ಯಾಕ್ಟೀರಿಯಾ ಹಾಕಬೇಡಿ.

ಹೆಚ್ಚಿನವರು ಎಡವುವುದು ಬ್ಯಾಕ್ಟೀರಿಯಾದ ಪ್ರಮಾಣದಲ್ಲಿ. ರಾತ್ರಿಯಿಡೀ ಬೆಳೆದ ಕಾಲನಿಗಳನ್ನು ಸಲೈನಿನಲ್ಲಿ 0.5 ಮ್ಯಾಕ್‌ಫಾರ್ಲೆಂಡ್‌ಗೆ (ದ್ರವದ ಮಸುಕಿನಿಂದ ಬ್ಯಾಕ್ಟೀರಿಯಾ ಸಂಖ್ಯೆ ಅಂದಾಜಿಸುವ ಮಾನಕ) ಹೊಂದಿಸಿ, ಬ್ರಾತ್‌ನಲ್ಲಿ 150 ಪಟ್ಟು ತೆಳುವಾಗಿಸಿ, ಅರ್ಧ ಗಂಟೆಯೊಳಗೆ 1ರಿಂದ 11ರವರೆಗೆ ಗುಳಿಗೆ 50 ಮೈಕ್ರೋಲೀಟರಿನಂತೆ ಹಾಕಿ. ಈಗ ಮೊದಲ ಗುಳಿಯಲ್ಲಿ ಔಷಧ 128, ಹತ್ತನೆಯದರಲ್ಲಿ 0.25, ಬ್ಯಾಕ್ಟೀರಿಯಾ ಮಿ.ಲೀ.ಗೆ ಸುಮಾರು 5 ಲಕ್ಷ. ಕೂಡಲೇ ಕಂಟ್ರೋಲ್ ಗುಳಿಯಿಂದ 10 ಮೈಕ್ರೋಲೀಟರ್ ತೆಗೆದು 10 ಮಿ.ಲೀ. ಸಲೈನಿಗೆ ಬೆರೆಸಿ, ಅದರಲ್ಲಿ 100 ಮೈಕ್ರೋಲೀಟರನ್ನು ಅಗರ್ ಮೇಲೆ ಹರಡಿ. ಮರುದಿನ 50ರ ಆಸುಪಾಸು ಕಾಲನಿ ಕಾಣಬೇಕು. 500 ಬಂದರೆ ಆ ಎಂಐಸಿ ಬಿಟ್ಟುಬಿಡಿ. ಬ್ಯಾಕ್ಟೀರಿಯಾ ಹೆಚ್ಚಾದಾಗ ಒಳ್ಳೆಯ ಔಷಧವೂ ಸೋತಂತೆ ಕಾಣುತ್ತದೆ, ಬೀಟಾ-ಲ್ಯಾಕ್ಟಮೇಸ್ (ಪೆನಿಸಿಲಿನ್ ಬಗೆಯ ಔಷಧಗಳನ್ನು ಒಡೆಯುವ ಕಿಣ್ವ) ತಯಾರಿಸುವ ತಳಿಗಳಲ್ಲಿ ಆ ಬಗೆಯ ಔಷಧಗಳಿಗಂತೂ ಇನ್ನೂ ಜಾಸ್ತಿ.

35 ಡಿಗ್ರಿಯಲ್ಲಿ 16ರಿಂದ 20 ಗಂಟೆ ಇಡಿ. ಅಂಚಿನ ಗುಳಿಗಳು ಒಣಗದಂತೆ ಪ್ಲೇಟ್ ಮುಚ್ಚಿ.

ಸಂಯುಕ್ತ ಕರಗಿಸಲು ಡಿಎಂಎಸ್‌ಒ ಎಂಬ ದ್ರಾವಕ ಬಳಸಿದ್ದರೆ ಕೊನೆಯ ಪ್ರಮಾಣ 1 ಶೇಕಡಾ ಮೀರದಿರಲಿ, ಅಷ್ಟೇ ಡಿಎಂಎಸ್‌ಒ ಹಾಕಿದ, ಔಷಧವಿಲ್ಲದ ಗುಳಿಯೂ ಇರಲಿ. ಪಕ್ಕದಲ್ಲೇ ಎಟಿಸಿಸಿ 29213 ಎಂಬ ಪ್ರಮಾಣಿತ ಸ್ಟೆಫೈಲೊಕಾಕಸ್ ತಳಿಯ ಮೇಲೆ, ಗೊತ್ತಿರುವ ಆಂಟಿಬಯಾಟಿಕ್ ಆದ ವ್ಯಾಂಕೊಮೈಸಿನ್ ಓಡಿಸಿ. ಅದರ ಎಂಐಸಿ 0.5ರಿಂದ 2ರೊಳಗೆ ಬರದಿದ್ದರೆ ಆ ದಿನದ ಇಡೀ ಪ್ಲೇಟ್ ರದ್ದು. ಸಂಯುಕ್ತ ಕರಗದೆ ಕಣಗಳಾಗಿ ಉಳಿದರೂ ಗುಳಿ ಮಸುಕಾಗಿ ಬೆಳವಣಿಗೆಯಂತೆ ಕಾಣುತ್ತದೆ. ಅನುಮಾನ ಬಂದರೆ ಆ ಗುಳಿಯಿಂದ ಅಗರ್‌ಗೆ ಹಚ್ಚಿ ನೋಡಿ. ಧನಾತ್ಮಕ ಆವೇಶದ ಪೆಪ್ಟೈಡ್ ಆಗಿದ್ದರೆ ಪಾಲಿಸ್ಟೈರೀನ್ ಗೋಡೆಗೆ ಅಂಟುತ್ತದೆ, ಪಾಲಿಪ್ರೊಪಿಲೀನ್ ಪ್ಲೇಟ್ ತರಿಸಿ.

ಮೂರು ಬೇರೆ ದಿನಗಳಲ್ಲಿ ಎಂಐಸಿ ಒಂದು ಹಂತದೊಳಗೆ (ಒಂದು ಇಮ್ಮಡಿ ಹೆಚ್ಚು-ಕಡಿಮೆ) ನಿಂತರೆ, ಸಸ್ತನಿ ಕೋಶಗಳ ಮೇಲಿನ ವಿಷತ್ವ ಪರೀಕ್ಷೆಗೆ ಹೋಗಿ. ಎಂಐಸಿ 64 ಇದ್ದು, ಕೋಶಗಳು 50ಕ್ಕೇ ಸಾಯುತ್ತಿದ್ದರೆ ಆ ಸಂಯುಕ್ತವನ್ನು ಅಲ್ಲಿಗೇ ನಿಲ್ಲಿಸಿ.