ಗುರುವಾರದ ಮತ ಮತ್ತು ರೂಬಾರ್ಬ್ ಗೊಜ್ಜು

ನಿಮ್ಮ ಪತ್ರ ತಲುಪಿತು. ದಾವಣಗೆರೆಯಿಂದ ಇಂಗ್ಲೆಂಡಿನ ರೆಡಿಂಗ್‌ಗೆ ಬಂದು ಎಂಟು ತಿಂಗಳಾಯಿತೆಂದೂ, ಕೆಲಸ ಪರವಾಗಿಲ್ಲವೆಂದೂ, ಆದರೆ ಸಂಜೆ ಕೋಣೆಗೆ ಮರಳಿದ ಮೇಲೆ ಕನ್ನಡದ ಸುದ್ದಿವಾಹಿನಿಗಳ ಚರ್ಚೆಗಳನ್ನು ಮೊಬೈಲಿನಲ್ಲಿ ನೋಡುವುದರಲ್ಲೇ ಹೊತ್ತು ಹೋಗುತ್ತದೆಂದೂ ಬರೆದಿದ್ದೀರಿ. ಇಲ್ಲಿಯ ರಾಜಕೀಯದಲ್ಲಿ ನಮ್ಮಂಥವರು ಮೂಗು ತೂರಿಸಬಹುದೇ, ಸುಮ್ಮನಿದ್ದು ಕೆಲಸ ನೋಡಿಕೊಳ್ಳುವುದೇ ಲೇಸೇ, ಈ ಊರಿನಲ್ಲಿ ಮನಸ್ಸಿಗೆ ಹಿತವಾಗುವಂಥದ್ದು ಏನಿದೆ ಎಂಬುದು ನಿಮ್ಮ ಪ್ರಶ್ನೆ. ‘ಅಕ್ಕ’ ಎಂದು ಕರೆದು ಕೇಳಿದ್ದೀರಿ. ಆದ್ದರಿಂದ ಅಕ್ಕನ ಸಲುಗೆಯಿಂದಲೇ, ತುಸು ಉದ್ದವಾಗಿಯೇ ಉತ್ತರಿಸುತ್ತೇನೆ.

ಮೊದಲು ಮತದ ಮಾತು. ನಾನು ಮತ್ತು ನಮ್ಮ ಯಜಮಾನರು ಶಿವಮೊಗ್ಗದಿಂದ ಇಲ್ಲಿಗೆ ಬಂದದ್ದು 2004ರ ಜನವರಿಯಲ್ಲಿ. ಆ ವರ್ಷದ ಮಳೆಗಾಲದಲ್ಲಿ (ಇಲ್ಲಿ ಯಾವುದು ಮಳೆಗಾಲವಲ್ಲ ಎಂದು ನೀವು ಕೇಳಬಹುದು, ಅಕ್ಟೋಬರ್ ಎಂದಿಟ್ಟುಕೊಳ್ಳಿ) ನಮ್ಮ ಪುರಸಭೆಯಂಥ ಇಲ್ಲಿಯ ಕೌನ್ಸಿಲ್‌ನಿಂದ ಒಂದು ನಮೂನೆ ಬಂತು. ಮನೆಯಲ್ಲಿರುವವರ ಹೆಸರು, ರಾಷ್ಟ್ರೀಯತೆ ತುಂಬಿ ಕಳುಹಿಸಿ ಎಂದಿತ್ತು. ನಾವು ಪರದೇಶದವರು, ಮತದಾರರ ಪಟ್ಟಿಗೂ ನಮಗೂ ಏನು ಸಂಬಂಧ ಎಂದು ಯಜಮಾನರು ಅದನ್ನು ರದ್ದಿಗೆ ಹಾಕಿದರು. ಪಕ್ಕದ ಮನೆಯಲ್ಲಿ ನಿವೃತ್ತ ಅಂಚೆಯಣ್ಣನೊಬ್ಬರಿದ್ದರು. ಬೇಲಿಯಾಚೆಯಿಂದ ಮಾತಿಗೆ ಮಾತು ಬಂದಾಗ ಅವರು ನಕ್ಕು, ಭಾರತ ಕಾಮನ್‌ವೆಲ್ತ್ (ಹಿಂದೆ ಹೆಚ್ಚಾಗಿ ಬ್ರಿಟಿಷರ ಆಳ್ವಿಕೆಯಲ್ಲಿದ್ದ ದೇಶಗಳ ಕೂಟ) ದೇಶವಲ್ಲವೇ, ನಿಮಗೆ ಇಲ್ಲಿ ಮತವಿದೆ ಎಂದರು. ನಾನು ನಂಬಲಿಲ್ಲ. ಕೌನ್ಸಿಲ್ ಕಚೇರಿಗೆ ಹೋಗಿ ಕೇಳಿದರೆ ಮಾತು ನಿಜವೇ. 2005ರ ಮೇ 5ರಂದು ಭಾರತದ ಪಾಸ್‌ಪೋರ್ಟನ್ನೇ ಹೊಂದಿದ್ದ ನಾನು ಬ್ರಿಟನ್ನಿನ ಪಾರ್ಲಿಮೆಂಟಿಗೆ ಮತ ಹಾಕಿ ಬಂದೆ.

ಆ ನಿಯಮ ಇಂದಿಗೂ ಇದೆ. ವೀಸಾದ ಮೇಲೆ ಇಲ್ಲಿ ವಾಸವಾಗಿರುವ ಭಾರತೀಯ ಪ್ರಜೆ, ಓದಲು ಬಂದವರಾಗಲಿ ದುಡಿಯಲು ಬಂದವರಾಗಲಿ, ಹದಿನೆಂಟು ತುಂಬಿದ್ದರೆ ಸ್ಥಳೀಯ ಚುನಾವಣೆಯಲ್ಲಿಯೂ ಪಾರ್ಲಿಮೆಂಟಿನ ಚುನಾವಣೆಯಲ್ಲಿಯೂ ಮತ ಹಾಕಬಹುದು. ನೀವು ಇನ್ನೂ ಹೆಸರು ನೋಂದಾಯಿಸಿಲ್ಲದಿದ್ದರೆ ಈ ವಾರವೇ ಮಾಡಿ. ಕೌನ್ಸಿಲ್ ಕೇಳಿದ ಮೇಲೂ ನೋಂದಾಯಿಸದಿದ್ದರೆ 80 ಪೌಂಡ್ ದಂಡ ಬೀಳಬಹುದು. ಬ್ಯಾಂಕಿನವರು ಸಾಲ ಕೊಡುವ ಮುನ್ನ ವಿಳಾಸ ಖಚಿತಪಡಿಸಿಕೊಳ್ಳಲು ನೋಡುವುದೂ ಇದೇ ಪಟ್ಟಿಯನ್ನೇ. ನನ್ನನ್ನು ಕೇಳಿದರೆ ಇವೆಲ್ಲ ಸಣ್ಣ ಕಾರಣಗಳು, ಆದರೆ ಸಣ್ಣ ಕಾರಣದಿಂದಲಾದರೂ ಕೆಲಸ ಆಗಲಿ.

ಮತದಾನ ಇಲ್ಲಿ ಗುರುವಾರ ನಡೆಯುತ್ತದೆ, ರಜೆ ಇರುವುದಿಲ್ಲ. ಬೆಳಿಗ್ಗೆ 7ರಿಂದ ರಾತ್ರಿ 10ರವರೆಗೆ ಚರ್ಚಿನ ಸಭಾಂಗಣದಲ್ಲೋ ಶಾಲೆಯಲ್ಲೋ ಮತಗಟ್ಟೆ ತೆರೆದಿರುತ್ತದೆ. ಪೊಲೀಸರ ಸಾಲು ಕಾಣುವುದಿಲ್ಲ, ಮತಯಂತ್ರವಿಲ್ಲ. ದಾರ ಕಟ್ಟಿದ ಪೆನ್ಸಿಲಿನಿಂದ ಕಾಗದದ ಮೇಲೆ ಒಂದು ಗುಣಾಕಾರ ಚಿಹ್ನೆ ಬರೆದರೆ ಮುಗಿಯಿತು. ಮೊದಲ ಸಲ ಹೊರಬಂದವಳು ಅಭ್ಯಾಸಬಲದಿಂದ ಎಡಗೈ ತೋರುಬೆರಳು ನೋಡಿಕೊಂಡೆ, ಮೈಸೂರಿನ ಶಾಯಿ ಇಲ್ಲದೆ ಬೋಳುಬೋಳಾಗಿತ್ತು. ಆಗೆಲ್ಲ ಗುರುತಿನ ಚೀಟಿಯನ್ನೂ ಕೇಳುತ್ತಿರಲಿಲ್ಲ. ಇಂಗ್ಲೆಂಡಿನಲ್ಲಿ 2023ರ ಮೇ ತಿಂಗಳ ಸ್ಥಳೀಯ ಚುನಾವಣೆಯಿಂದ ಭಾವಚಿತ್ರವಿರುವ ಗುರುತು ಕಡ್ಡಾಯವಾಯಿತು. ನಿಮ್ಮ ಭಾರತದ ಪಾಸ್‌ಪೋರ್ಟ್ ಅದಕ್ಕೆ ಸಾಕು.

ಈ ಹಕ್ಕು ಎಷ್ಟು ವಿಚಿತ್ರವಾದದ್ದೆಂದು ನನಗೆ ಅರ್ಥವಾದದ್ದು 2016ರಲ್ಲಿ. ಯುರೋಪಿಯನ್ ಒಕ್ಕೂಟದಿಂದ ಹೊರಬರಬೇಕೇ ಎಂಬ ಜನಮತಗಣನೆ ಜೂನ್ 23ರಂದು ನಡೆಯಿತು. ಕಾಮನ್‌ವೆಲ್ತ್‌ನವಳಾದ ನನಗೆ ಮತವಿತ್ತು. ಪಕ್ಕದ ಮೇಜಿನ ಪೋಲೆಂಡಿನ ಹೆಣ್ಣುಮಗಳು ಇಲ್ಲಿಯೇ ಇಬ್ಬರು ಮಕ್ಕಳನ್ನು ಹೆತ್ತಿದ್ದಳು, ತೆರಿಗೆ ಕಟ್ಟುತ್ತಿದ್ದಳು, ತೀರ್ಮಾನವಾಗುತ್ತಿದ್ದದ್ದು ಅವಳ ಬಾಳಿನ ವಿಷಯ, ಅವಳಿಗೆ ಮತವಿರಲಿಲ್ಲ. ನೀನಾದರೂ ಯೋಚಿಸಿ ಹಾಕು ಎಂದಳು. ಶೇಕಡಾ 51.9ರಷ್ಟು ಮತದಿಂದ ಹೊರಬರಬೇಕೆಂಬ ವಾದ ಗೆದ್ದ ಮರುದಿನ ಅವಳ ಮುಖ ನೋಡುವುದು ನನಗೆ ಕಷ್ಟವಾಯಿತು. ಅವಳ ಗಂಟು ನನ್ನ ಕೈಗೆ ಸಿಕ್ಕಿತ್ತು ಎಂಬ ಮುಜುಗರ ಇನ್ನೂ ಹೋಗಿಲ್ಲ. ಸಾಮ್ರಾಜ್ಯ ಬಿಟ್ಟುಹೋದ ಹಳೆಯ ಋಣವೊಂದು ಹೀಗೆ ನಮ್ಮ ಪಾಲಿಗೆ ಬಂದಿದೆ, ಅದನ್ನು ಬಳಸದೆ ಕೊಳೆಯಲು ಬಿಡುವುದು ನನಗೆ ಸರಿಯೆನಿಸುವುದಿಲ್ಲ.

ಹಾಗೆಂದು ಇಲ್ಲಿಯ ರಾಜಕೀಯ ಘನವಾದದ್ದೆಂದು ಭಾವಿಸಬೇಡಿ. 2016ರಿಂದ 2024ರೊಳಗೆ ಆರು ಪ್ರಧಾನಿಗಳನ್ನು ನೋಡಿದ್ದೇವೆ, ಅವರಲ್ಲಿ ಲಿಜ್ ಟ್ರಸ್ ಅಧಿಕಾರದಲ್ಲಿದ್ದದ್ದು 49 ದಿನ. 2018ರ ಮೇ ತಿಂಗಳಲ್ಲಿ ಮೂರೇ ದಿನದ ಮುಖ್ಯಮಂತ್ರಿಯನ್ನು ಕಂಡ ನಮ್ಮ ರಾಜ್ಯದವರಿಗೆ ಇದು ದೊಡ್ಡದೇನಲ್ಲ. ಮುಂದೆ ರಿಷಿ ಸುನಕ್ ಪ್ರಧಾನಿಯಾದಾಗ ಅವರು ಕರ್ನಾಟಕದ ಅಳಿಯ ಎಂದು ಊರಿನಿಂದ ಬಂದ ಅಭಿನಂದನೆಗಳಿಗೆ ಉತ್ತರಿಸಿ ಸಾಕಾಯಿತು, ಅವರದೇ ಸರ್ಕಾರ 2024ರ ಫೆಬ್ರವರಿಯಲ್ಲಿ ವೀಸಾದವರ ಆರೋಗ್ಯ ಶುಲ್ಕವನ್ನು ವರ್ಷಕ್ಕೆ 624 ಪೌಂಡ್‌ನಿಂದ 1,035 ಪೌಂಡ್‌ಗೆ ಏರಿಸಿದಾಗ ಆ ಬಂಧುಗಳು ಯಾರೂ ಕರೆ ಮಾಡಲಿಲ್ಲ. ಅದೇ ವರ್ಷ ಜುಲೈ 4ರ ಚುನಾವಣೆಯಲ್ಲಿ ಲೇಬರ್ ಪಕ್ಷ ಸುಮಾರು ಶೇಕಡಾ 34ರಷ್ಟು ಮತ ಪಡೆದು 650ರಲ್ಲಿ 400ಕ್ಕೂ ಹೆಚ್ಚು ಸ್ಥಾನ ಗೆದ್ದಿತು. ನಮ್ಮ ಊರಿನ ಲೆಕ್ಕಾಚಾರವೂ ಇಂಥದ್ದೇ, ನಾವು ಅದನ್ನು ಕಲಿತದ್ದು ಇವರಿಂದಲೇ.

ವಲಸೆಯ ಬಗ್ಗೆ ನೀವು ಕೇಳದಿದ್ದರೂ ಮನಸ್ಸಿನಲ್ಲಿರುವುದು ಅದೇ ಎಂದು ಬಲ್ಲೆ. 2025ರ ಮೇ ತಿಂಗಳ ಸರ್ಕಾರದ ಶ್ವೇತಪತ್ರ, ಕಾಯಂ ನೆಲೆಗೆ ಸಾಮಾನ್ಯವಾಗಿ ಕಾಯಬೇಕಾದ ಅವಧಿಯನ್ನು ಐದು ವರ್ಷದಿಂದ ಹತ್ತಕ್ಕೆ ಏರಿಸುವ ಮಾತೆತ್ತಿತು. ಐದು ವರ್ಷದ ಲೆಕ್ಕ ಹಾಕಿ ಬಂದವರಿಗೆ ಅದು ನಡುದಾರಿಯಲ್ಲಿ ಮೈಲಿಗಲ್ಲು ಕಿತ್ತು ಮುಂದೆ ನೆಟ್ಟಂತೆ. ನನಗೆ ಹೆಚ್ಚು ನೋವಾದದ್ದು ನಮ್ಮವರೇ ಕೆಲವರು, ತಮ್ಮ ಕೆಲಸ ಆಗಿಹೋದ ಮೇಲೆ, ಬಿಗಿ ಮಾಡಿದ್ದು ಒಳ್ಳೆಯದೇ ಆಯಿತು ಎಂದದ್ದಕ್ಕೆ. ಭಯದ ದಿನಗಳೂ ಇದ್ದವು. 2024ರ ಜುಲೈ ಕೊನೆಗೆ ಸೌತ್‌ಪೋರ್ಟ್‌ನಲ್ಲಿ ಮೂವರು ಪುಟ್ಟ ಹುಡುಗಿಯರ ಕೊಲೆಯಾದಾಗ, ಕೊಂದವನು ದೋಣಿಯಲ್ಲಿ ಬಂದ ವಲಸಿಗನೆಂಬ ಸುಳ್ಳು ಹಬ್ಬಿ ಹಲವು ಊರುಗಳಲ್ಲಿ ಗಲಭೆಯಾಯಿತು. ಆ ವಾರ ಮಗಳಿಗೆ ಕತ್ತಲಾಗುವ ಮುನ್ನ ಮನೆ ಸೇರು ಎಂದು ಹೇಳಿದೆ. ಈ ಊರಿಗೆ ಬಂದು ಇಪ್ಪತ್ತು ವರ್ಷಗಳಲ್ಲಿ ಹಾಗೆ ಹೇಳಿದ್ದು ಅದೇ ಮೊದಲು. ಅಂಚೆಯಣ್ಣ ತೀರಿಕೊಂಡು ಆಗಲೇ ವರ್ಷಗಳಾಗಿದ್ದವು; ಅವರ ಹೆಂಡತಿ, ಎಂಬತ್ತು ದಾಟಿದಾಕೆ, ಅಂಗಡಿಯಿಂದ ಏನಾದರೂ ತರಬೇಕಾದರೆ ನನಗೆ ಹೇಳಿ ಎಂದು ಬಾಗಿಲಿಗೆ ಬಂದು ನಿಂತರು.

ಇನ್ನು ಊರಿನ ಸುದ್ದಿ. ನಾನೂ ನಿಮ್ಮಂತೆಯೇ ಇದ್ದೆ. 2004ರಲ್ಲಿ ಕನ್ನಡ ಪತ್ರಿಕೆಗಳ ಜಾಲತಾಣ ಓದಬೇಕಾದರೆ ಒಂದೊಂದಕ್ಕೂ ಬೇರೆ ಫಾಂಟ್ ಇಳಿಸಿಕೊಳ್ಳಬೇಕಿತ್ತು, ಊಟದ ಬಿಡುವೆಲ್ಲ ಅದರಲ್ಲೇ ಕಳೆಯುತ್ತಿದ್ದೆ. ಓದುವುದನ್ನು ಬಿಡಿ ಎನ್ನುವುದಿಲ್ಲ. ಭಾರತದ ಪೌರತ್ವ ಇರುವವರೆಗೆ 6ಎ ನಮೂನೆ ತುಂಬಿ ಅಲ್ಲಿಯ ಮತಪಟ್ಟಿಯಲ್ಲಿಯೂ ಹೆಸರಿಟ್ಟುಕೊಳ್ಳಬಹುದು, ಆದರೆ ಮತ ಹಾಕಲು ಖುದ್ದಾಗಿ ದಾವಣಗೆರೆಗೇ ಹೋಗಬೇಕು. ನಾನು 2018ರಲ್ಲಿ ಇಲ್ಲಿಯ ಪೌರತ್ವ ಪಡೆದಾಗ ಅದನ್ನೂ ಕಳೆದುಕೊಂಡೆ. ನನ್ನ ತಕರಾರು ಇಷ್ಟೇ: ಏನೂ ಮಾಡಲಾಗದ ಜಗಳವನ್ನು ಮಧ್ಯರಾತ್ರಿಯವರೆಗೆ ನೋಡಿ ರಕ್ತದೊತ್ತಡ ಏರಿಸಿಕೊಳ್ಳುವವರು, ತಮ್ಮ ಬೀದಿಯ ಬಸ್ಸಿನ ಮಾರ್ಗ ಬದಲಾಗುವ ವಿಷಯ ಕೌನ್ಸಿಲ್‌ನಲ್ಲಿ ಬಂದಾಗ ತಲೆಯೆತ್ತಿಯೂ ನೋಡುವುದಿಲ್ಲ. ರೆಡಿಂಗ್‌ನ ಬಸ್ಸುಗಳು ಕೌನ್ಸಿಲ್‌ನ ಒಡೆತನದವು, ಕೇಳಿದರೆ ಉತ್ತರಿಸುವವರು ಇದ್ದಾರೆ.

ಸಂತೋಷಗಳನ್ನು ಪಟ್ಟಿ ಮಾಡಿ ಕೊಡಲಾರೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಮುನ್ನವೇ ಮುಳುಗುವ ಸೂರ್ಯ ಜೂನ್‌ನಲ್ಲಿ ಒಂಬತ್ತು ದಾಟಿದರೂ ಹೋಗಲೊಲ್ಲ. ಅಂಥ ಸಂಜೆ ಥೇಮ್ಸ್ ದಂಡೆ ಹಿಡಿದು ಸೋನಿಂಗ್‌ವರೆಗೆ ನಡೆಯಿರಿ. ಫಾರ್ಬರಿ ಉದ್ಯಾನದ ದೊಡ್ಡ ಸಿಂಹವನ್ನು ನೋಡಿ. ಅದು 1880ರಲ್ಲಿ ಅಫ್ಘಾನಿಸ್ತಾನದಲ್ಲಿ ನಡೆದ ಮೈವಂದ್ ಯುದ್ಧದಲ್ಲಿ ಸತ್ತ ಬರ್ಕ್‌ಷೈರ್ ಸೈನಿಕರ ಸ್ಮಾರಕ. ಅದೇ ಯುದ್ಧದಲ್ಲಿ ಅವರ ಪಕ್ಕದಲ್ಲೇ ಬೊಂಬಾಯಿ ಸೇನೆಯ ಸಿಪಾಯಿಗಳೂ ಸತ್ತರೆಂಬುದು ಅದರ ಕೆಳಗೆ ಎಷ್ಟೋ ಮಧ್ಯಾಹ್ನ ಚಪಾತಿ ತಿಂದ ಮೇಲೆ ನನಗೆ ತಿಳಿಯಿತು. ಆಗಸ್ಟ್ ಕೊನೆಗೆ ಬೇಲಿಗಳಲ್ಲಿ ಬ್ಲ್ಯಾಕ್‌ಬೆರಿ ಕಪ್ಪಾಗುತ್ತದೆ, ಹಳ್ಳಿಯಲ್ಲಿ ಕವಳೆಹಣ್ಣು ಕಿತ್ತಂತೆ ಮುಳ್ಳು ಚುಚ್ಚಿಸಿಕೊಂಡು ಕಿತ್ತು ತಿನ್ನಬಹುದು.

ನನ್ನ ದೊಡ್ಡ ಸಂತೋಷವೆಂದರೆ ಕೌನ್ಸಿಲ್‌ನಿಂದ ಬಾಡಿಗೆಗೆ ಪಡೆದ ತೋಟದ ತುಂಡು. ನಾಲ್ಕು ವರ್ಷ ಸರದಿಯಲ್ಲಿ ಕಾದ ಮೇಲೆ ಅರ್ಧ ತುಂಡು ಸಿಕ್ಕಿತು. ಮೆಂತ್ಯ, ಕೊತ್ತಂಬರಿ, ಬೀನ್ಸ್ ಬೆಳೆಯುತ್ತೇನೆ. ಈ ದೇಶದ ರಾಜಕೀಯವನ್ನು ನಾನು ಕಲಿತದ್ದು ಪತ್ರಿಕೆಗಳಿಗಿಂತ ಹೆಚ್ಚಾಗಿ ಅಲ್ಲಿಯೇ. ಒಕ್ಕೂಟದಿಂದ ಹೊರಬರಲು ಮತ ಹಾಕಿದ ಮುದುಕರೊಬ್ಬರು ಪಕ್ಕದ ತುಂಡಿನವರು. ವಲಸೆಯ ಬಗ್ಗೆ ನಮ್ಮಿಬ್ಬರಿಗೆ ಎಂದೂ ಹೊಂದಿಕೆಯಾಗಿಲ್ಲ, ನೀವು ಬೇರೆ ಎನ್ನುತ್ತಾರೆ, ನಾನು ಬೇರೆಯಲ್ಲ ಎನ್ನುತ್ತೇನೆ, ಅಷ್ಟರಲ್ಲಿ ಮಳೆ ಬಂದು ಇಬ್ಬರೂ ಒಂದೇ ಶೆಡ್ಡಿನ ಕೆಳಗೆ ನಿಲ್ಲುತ್ತೇವೆ. ಪ್ರತಿ ವಸಂತದಲ್ಲಿ ಅವರು ಒಂದು ಹೊರೆ ರೂಬಾರ್ಬ್ ಎಂಬ ಹುಳಿದಂಟಿನ ಸೊಪ್ಪು ಕೊಡುತ್ತಾರೆ. ಇಲ್ಲಿಯವರು ಅದಕ್ಕೆ ಸಕ್ಕರೆ ಸುರಿದು ಸಿಹಿ ತಿನಿಸು ಮಾಡುತ್ತಾರೆ. ನಾನು ಎಲೆ ಕತ್ತರಿಸಿ ಎಸೆದು (ಎಲೆ ವಿಷ, ನೆನಪಿರಲಿ) ದಂಟನ್ನು ಹೆಚ್ಚಿ, ಸಾಸಿವೆ, ಇಂಗು, ಕರಿಬೇವಿನ ಒಗ್ಗರಣೆಯಲ್ಲಿ ಬಾಡಿಸಿ, ಉಪ್ಪು, ಖಾರದಪುಡಿ, ಬೆಲ್ಲ ಹಾಕುತ್ತೇನೆ. ಹುಣಸೆ ಬೇಕಾಗುವುದಿಲ್ಲ, ಐದಾರು ನಿಮಿಷದಲ್ಲಿ ಕರಗಿ ಗೊಜ್ಜಾಗುತ್ತದೆ. ಒಂದು ಬಾಟಲಿ ಅವರಿಗೂ ಹೋಗುತ್ತದೆ, ಚೀಸಿನ ಜೊತೆ ತಿನ್ನುತ್ತಾರಂತೆ.

ಮುಂದಿನ ಮೇ ತಿಂಗಳ ಮೊದಲ ಗುರುವಾರ ನಿಮ್ಮ ವಾರ್ಡಿನಲ್ಲಿ ಚುನಾವಣೆಯಿದ್ದರೆ ಪಾಸ್‌ಪೋರ್ಟ್ ಜೇಬಿನಲ್ಲಿಟ್ಟುಕೊಂಡು ಹೋಗಿ ಮತ ಹಾಕಿ, ಅಲ್ಲಿಂದ ನೇರವಾಗಿ ನಮ್ಮ ಮನೆಗೆ ಬನ್ನಿ. ಅದು ರೂಬಾರ್ಬ್‌ನ ಕಾಲ. ಊರಿನಿಂದ ಬಂದವರ ಕೈಯಲ್ಲಿ ಬೆಣ್ಣೆದೋಸೆಯ ಹದ ಇರುತ್ತದೆಂದು ನಂಬಿದ್ದೇನೆ, ಗೊಜ್ಜು ನನ್ನದು, ಹಿಟ್ಟು ನೀವು ರುಬ್ಬಿ ತನ್ನಿ.