ಮೈಸೂರಲ್ಲಿ ಚಳಿಗಾಲದ ಅಪರೂಪದ ಹಕ್ಕಿ ನೋಡೋಕೆ ಎಲ್ಲಿಗೆ ಹೋಗ್ಬೇಕು?

ಮೈಸೂರಿಗೆ ಹೊಸಬ್ರು, ಊರೊಳಗಿನ ಕೆರೆ ಪಾರ್ಕಲ್ಲೇ ಅಪರೂಪದ ಹಕ್ಕಿ ಸಿಗ್ತಾವಾ, ದೊಡ್ಡ ಕ್ಯಾಮೆರಾ ಬೇಕಾ ಅಂತ ಕೇಳಿದೀರ. ಖಂಡಿತ ಸಿಗ್ತಾವೆ, ಕ್ಯಾಮೆರಾ ಬೇಡ, 8 ಇಂಟು 42 ಬೈನಾಕ್ಯುಲರ್ ಒಂದಿದ್ರೆ ಸಾಕು.

ನಾನು ಮೊದಲ ವರ್ಷ ಭಾನುವಾರ ಆದ್ರೆ ಸ್ಕೂಟರ್ ಹತ್ತಿ ಕುಕ್ಕರಹಳ್ಳಿ, ಲಿಂಗಾಂಬುಧಿ, ದಳವಾಯಿ ಮೂರು ಕೆರೆನೂ ಒಂದೇ ಬೆಳಿಗ್ಗೆ ಸುತ್ತಿ ಬರ್ತಿದ್ದೆ, ಕಂಡಿದ್ದೆಲ್ಲ ಅದೇ ಹೆಜ್ಜಾರ್ಲೆ, ಅದೇ ನಾಮದ ಕೋಳಿ. ಆಮೇಲೆ ಲಿಂಗಾಂಬುಧಿ ಒಂದನ್ನೇ ಹಿಡ್ಕೊಂಡೆ. ಒಂದು ಜನವರಿ ಬೆಳಿಗ್ಗೆ ದಾರಿ ಪಕ್ಕದ ಕುರುಚಲಲ್ಲಿ ಇರುವೆ ಸಾಲಿನ ಮೇಲೆ ಬಿದ್ದಿದ್ದ ಒಣ ಕಡ್ಡಿ ಇದ್ದಕ್ಕಿದ್ದ ಹಾಗೆ ಕತ್ತು ತಿರುಗಿಸ್ತು ನೋಡಿ, ಹಾವು ಹೊರಳಿದ ಹಾಗೆ! ರೈನೆಕ್ ಅದು, ಮರಕುಟಿಗದ ನೆಂಟ, ಬಣ್ಣ ಥೇಟ್ ಮರದ ತೊಗಟೆ. ಅದೇ ಜಾಗದಲ್ಲಿ ದಿನಾ ನಡೆದಿರದಿದ್ರೆ ಕಡ್ಡಿ ಅಂತಾನೇ ದಾಟಿಬಿಡ್ತಿದ್ದೆ.

ಸೆಪ್ಟೆಂಬರ್ ಕೊನೆ, ಅಕ್ಟೋಬರ್‌ನಲ್ಲಿ ಕಣ್ಣು ನೆಲದ ಮೇಲಿರ್ಲಿ, ಮರದ ಕೆಳಗಿನ ತರಗೆಲೆಯಲ್ಲಿ ನವರಂಗ ಅನ್ನೋ ಹಕ್ಕಿ ಇಳಿದಿರುತ್ತೆ, ಉತ್ತರದಿಂದ ಹಾರಿ ಬಂದು ದಣಿದಿರುತ್ತೆ, ದಯವಿಟ್ಟು ಮೊಬೈಲಲ್ಲಿ ಅದರ ಕೂಗು ಹಾಕಿ ಕರೀಬೇಡಿ, ಅದು ಹುಳ ಹುಡುಕಿ ತಿನ್ನೋ ಹೊತ್ತು. ನವೆಂಬರ್‌ನಲ್ಲಿ ಬಾತುಗಳನ್ನ ನೋಡಿ ಬೇಜಾರಾಗ್ಬೇಡಿ, ಗಾರ್ಗನಿ ಗಂಡೂ ಆಗ ಹೆಣ್ಣಿನ ಹಾಗೇ ಕಂದು ಇರುತ್ತೆ, ಫೆಬ್ರವರಿ ಹೊತ್ತಿಗೆ ಬಿಳಿ ಹುಬ್ಬು ಎದ್ದು ಕಾಣುತ್ತೆ. ಹಿಂಡನ್ನ ಒಟ್ಟಾಗಿ ನೋಡದೆ ಒಂದೊಂದೇ ತಲೆ ನೋಡ್ತಾ ಹೋಗಿ, ಬೇರೆ ಜಾತಿದು ನಡುವೆ ಸೇರ್ಕೊಂಡಿರೋದು ಹಾಗೇ ಸಿಗೋದು. ಹಿಂಡು ಪೂರ್ತಿ ದಿಢೀರಂತ ಎದ್ರೆ ಮೇಲೆ ನೋಡಿ, ಮಾರ್ಷ್ ಹ್ಯಾರಿಯರ್ ಅನ್ನೋ ಬೇಟೆ ಹಕ್ಕಿ ಬಂದಿರಬಹುದು. ಬೆಳಿಗ್ಗೆ ಪೂರ್ವದ ದಡದಲ್ಲಿ ನಿಂತ್ಕೊಳ್ಳಿ, ಬಿಸಿಲು ಬೆನ್ನಿಗೆ ಬೀಳ್ಬೇಕು, ಇಲ್ಲಾಂದ್ರೆ ಎಲ್ಲಾ ಕಪ್ಪಗೆ ಕಾಣುತ್ತೆ.

ಒಳ್ಳೇ ಮಳೆ ಆದ ವರ್ಷ ದೊಡ್ಡ ಕೆರೆ ದಡದ ತನಕ ತುಂಬಿರುತ್ತೆ, ಕೆಸರೇ ಇರಲ್ಲ, ಗದ್ದೆಗೊರವಗಳಿಗೆ ಕಾಲೂರೋಕೆ ಜಾಗ ಇರಲ್ಲ. ಅಂಥ ವರ್ಷ ಹಳ್ಳಿ ಕಡೆ ನೀರಿಳಿಯೋ ಸಣ್ಣ ಕೆರೆ ಹುಡುಕಿ.

ಇನ್ನು ಪಟ್ಟೆತಲೆ ಹೆಬ್ಬಾತು. ಅದಕ್ಕೆ ಮಾತ್ರ ಊರು ಬಿಟ್ಟು ನಂಜನಗೂಡು ತಾಲ್ಲೂಕಿನ ಹದಿನಾರು ಕೆರೆಗೆ ಹೋಗ್ಲೇಬೇಕು. ಹಿಮಾಲಯ ದಾಟಿ ಬರೋ ಹಕ್ಕಿ, ಮಂಗೋಲಿಯಾದಲ್ಲಿ ಕತ್ತಿಗೆ ನಂಬರ್ ಪಟ್ಟಿ ಹಾಕಿರೋವು ಸಹ ಮೈಸೂರು ಸೀಮೆ ಕೆರೆಗಳಲ್ಲಿ ಕಂಡಿವೆ, ಅಂಥದ್ದು ಕಂಡ್ರೆ ನಂಬರ್ ಬರ್ಕೊಂಡು, ಕಂಡ ಹಕ್ಕಿ ದಾಖಲಿಸೋ ಇಬರ್ಡ್ ವೆಬ್‌ಸೈಟಿಗೆ ಹಾಕಿ. ಹಗಲು ನೀರಲ್ಲಿ ಸುಮ್ನೆ ಕೂತಿರ್ತಾವೆ, ಸಂಜೆ ಗದ್ದೆ ಕಡೆ ಕೂಗ್ತಾ ಸಾಲುಗಟ್ಟಿ ಏಳ್ತಾವೆ, ಕತ್ತಲಾಗೋ ತನಕ ಅಲ್ಲೇ ಇರಿ. ಮಾರ್ಚ್ ಹೊತ್ತಿಗೆ ವಾಪಸ್ ಹೊರಟುಬಿಡ್ತಾವೆ, ಜನವರಿಯಲ್ಲೇ ಹೋಗಿ ಬನ್ನಿ.