‘ಕರಾಚಿಯ ಮೇಲೆ ಆರ್‌101’: ದುಡ್ಡು ಕೊಡುವ ಮುಂಚೆ ಇಷ್ಟು ನೋಡಿ

ನಮಸ್ಕಾರ ಸರ್. ರದ್ದಿ ಅಂಗಡಿಯವರು ಕಟ್ಟಾಗಿ ಕೊಡ್ತೀನಿ ಅಂದಿರೋ ಮೂರು ಹಳೇ ಚಿತ್ರಗಳನ್ನು (ವಾಯುನೌಕೆ, ಸ್ಟಾಲಿನ್, ಬಂದರು) ಇಲ್ಲಿ ಹಾಕಿ, ಅಸಲಿನಾ, ತಗೋಬಹುದಾ ಅಂತ ಕೇಳಿದ್ದೀರಿ. ಆಗಲೇ ಇಬ್ಬರು ‘ಬಿಡಬೇಡಿ’ ಅಂದಿದ್ದಾರೆ. ನಾನಾದರೆ ಸ್ವಲ್ಪ ತಡೀರಿ ಅಂತೀನಿ.

ಮೊದಲು ವಾಯುನೌಕೆ, ಅಂದರೆ ಹಗುರ ಅನಿಲ ತುಂಬಿ ಹಾರಿಸುತ್ತಿದ್ದ ದೈತ್ಯ ನೌಕೆ. ಅಡಿಬರಹದಲ್ಲಿ ‘ಕರಾಚಿಯ ಮೇಲೆ ಆರ್‌101, 1930’ ಅಂತಿದೆ. ಇದು ಸಾಧ್ಯವೇ ಇಲ್ಲ. ಬ್ರಿಟನ್ನಿನ ವಾಯುನೌಕೆ ಆರ್‌101 ಹೊರಟಿದ್ದು ಕರಾಚಿಗೇ, ಅಲ್ಲಿ ಅದಕ್ಕೆಂದೇ ದೊಡ್ಡ ಹ್ಯಾಂಗರ್ (ನೌಕೆ ನಿಲ್ಲಿಸುವ ಕೊಟ್ಟಿಗೆ) ಕಟ್ಟಿಸಿ ಕಾದಿದ್ದರು. ಆದರೆ ಅಕ್ಟೋಬರ್ 4ರ ಸಂಜೆ ಇಂಗ್ಲೆಂಡಿನ ಕಾರ್ಡಿಂಗ್ಟನ್ ಬಿಟ್ಟ ನೌಕೆ ಮಾರನೇ ದಿನ ಬೆಳಗಾಗುವ ಮುಂಚೆಯೇ ಫ್ರಾನ್ಸಿನ ಬೋವೆ ಊರಿನ ಹತ್ತಿರ ನೆಲಕ್ಕೆ ಬಿದ್ದು ಸುಟ್ಟುಹೋಯಿತು. 54 ಜನರಲ್ಲಿ 48 ಮಂದಿ ಸತ್ತರು, ಬ್ರಿಟನ್ನಿನ ವಾಯುಯಾನ ಸಚಿವ ಲಾರ್ಡ್ ಥಾಮ್ಸನ್ ಕೂಡ. ಆ ಹ್ಯಾಂಗರ್‌ಗೆ ಯಾವ ವಾಯುನೌಕೆಯೂ ಬರಲೇ ಇಲ್ಲ.

ಹಾಗಾದರೆ ಚಿತ್ರದಲ್ಲಿರೋದು ಯಾವುದು? ಹೊಟ್ಟೆಯ ಕೆಳಗೆ, ಮೂತಿಗೆ ಹತ್ತಿರ, ಸಾಲು ಕಿಟಕಿಯ ಉದ್ದನೆಯ ಕ್ಯಾಬಿನ್ ಅಂಟಿಕೊಂಡಿದೆ ನೋಡಿ. ಅದು ಜರ್ಮನಿಯ ಗ್ರಾಫ್ ಜೆಪ್ಪೆಲಿನ್, 1928ರದ್ದು. ಆರ್‌101ರಲ್ಲಿ ಪ್ರಯಾಣಿಕರ ಕೋಣೆಗಳೆಲ್ಲ ಒಡಲ ಒಳಗೇ ಇದ್ದವು, ಹೊರಗೆ ಕಾಣುತ್ತಿದ್ದುದು ಚಾಲಕರ ಸಣ್ಣ ಗೂಡು, ಎಂಜಿನ್ ಗೂಡುಗಳು ಮಾತ್ರ. ಇನ್ನು ನಿಮ್ಮ ದೊಡ್ಡ ಸ್ಕ್ಯಾನ್ ಹಿಗ್ಗಿಸಿದರೆ ನೌಕೆಯ ಮೈತುಂಬ ಪತ್ರಿಕೆ ಅಚ್ಚಿನ ಚುಕ್ಕಿ, ಸುತ್ತಲ ಆಕಾಶದಲ್ಲಿ ಒಂದೂ ಇಲ್ಲ. ಬೆಳಕು ನೌಕೆಗೆ ಎಡದಿಂದ ಬಿದ್ದಿದೆ, ಕೆಳಗಿನ ಕಟ್ಟಡಗಳ ನೆರಳೂ ಎಡಕ್ಕೇ ಚಾಚಿದೆ! ಯಾವುದೋ ಪತ್ರಿಕೆಯಿಂದ ಕತ್ತರಿಸಿ, ಊರಿನ ಫೋಟೊ ಮೇಲೆ ಅಂಟಿಸಿ, ಮತ್ತೆ ಫೋಟೊ ಹೊಡೆದಿದ್ದಾರೆ. ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ತುದಿಗೆ ವಾಯುನೌಕೆ ಕಟ್ಟಿರೋ ಪ್ರಸಿದ್ಧ ಚಿತ್ರವೂ ಇಂಥದೇ ಜೋಡಣೆ.

ಜೆಪ್ಪೆಲಿನ್ ಚಿತ್ರ ಮುಂದೆ ಸಿಕ್ಕಿದರೆ ಬಾಲ ನೋಡಿ. ನಾಜಿ ಸ್ವಸ್ತಿಕ ಇದ್ದರೆ 1933ರಿಂದೀಚೆಗಿನದು. ಗ್ರಾಫ್‌ನಲ್ಲಿ ಮೊದಮೊದಲು ಅದು ಎಡಬದಿಗೆ ಮಾತ್ರ, ಆಮೇಲೆ ಬಂದ ಜರ್ಮನ್ ನೌಕೆ ಹಿಂಡೆನ್‌ಬರ್ಗ್‌ನಲ್ಲಿ ಎರಡೂ ಕಡೆ. ಪಕ್ಕೆಯ ಮೇಲೆ ಒಲಿಂಪಿಕ್ ಉಂಗುರ ಕಂಡರೆ 1936ರ ಹಿಂಡೆನ್‌ಬರ್ಗ್. 1937ರ ಮೇ 6ರಂದು ಅಮೆರಿಕದ ಲೇಕ್‌ಹರ್ಸ್ಟ್‌ನಲ್ಲಿ ಅದು ಉರಿದ ಚಿತ್ರವನ್ನಂತೂ ಲೆಕ್ಕವಿಲ್ಲದಷ್ಟು ಸಲ ಮರುಮುದ್ರಿಸಿದ್ದಾರೆ, ಅದಕ್ಕೆ ಯಾರಾದರೂ ಸಾವಿರ ಕೇಳಿದರೆ ನಕ್ಕು ಬನ್ನಿ.

ಎರಡನೆಯದು, ಮಾಸ್ಕೋ–ವೋಲ್ಗಾ ಕಾಲುವೆಯ ದಡದಲ್ಲಿ ಸ್ಟಾಲಿನ್. ನಿಮ್ಮದರಲ್ಲಿ ಮೂವರಿದ್ದಾರೆ, ಮೂಲದಲ್ಲಿ ನಾಲ್ವರು. ಬಲತುದಿಯಲ್ಲಿದ್ದವನು ಸೋವಿಯತ್ ರಹಸ್ಯ ಪೊಲೀಸ್ ಮುಖ್ಯಸ್ಥ ಯೆಝೋವ್. 1940ರಲ್ಲಿ ಅವನನ್ನು ಗುಂಡಿಕ್ಕಿ ಕೊಂದರು, ಫೋಟೊದಿಂದಲೂ ತೆಗೆದು ಆ ಜಾಗಕ್ಕೆ ಕಾಲುವೆ ನೀರು ಬಳಿದರು. ಹಾಗಂತ ಇದನ್ನು ಕಸ ಅನ್ನಬೇಡಿ, ಆ ತಿದ್ದುವಿಕೆಯೇ ಆ ಕಾಲದ ಸಾಕ್ಷಿ. ಹಳೇ ಮುದ್ರಣವೇ ಆಗಿದ್ದರೆ ಮೂರರಲ್ಲಿ ನಾನು ಕಾಸು ಬಿಚ್ಚೋದು ಇದಕ್ಕೊಂದಕ್ಕೇ.

ಮೂರನೆಯದು ಫೋಟೊ ಅಲ್ಲ, ಚಿತ್ರಕಾರನ ಕಲ್ಪನೆ. ಆರು ಮೂಲೆಯ ಆ ಬಂದರು ರೋಮ್ ಹತ್ತಿರದ ಪೋರ್ಟಸ್, ಪ್ರಾಚೀನ ರೋಮ್‌ನ ಟ್ರಾಜನ್ ಚಕ್ರವರ್ತಿ ಕಟ್ಟಿಸಿದ್ದು. ಟೈಬರ್ ನದಿಯ ಹೂಳು ತುಂಬಿ ಸಮುದ್ರ ಈಗ ಕೆಲವು ಕಿಲೋಮೀಟರ್ ಆಚೆಗೆ ಸರಿದಿದೆ. ಫಿಯುಮಿಚಿನೊ ವಿಮಾನ ನಿಲ್ದಾಣದ ಪಕ್ಕದಲ್ಲೇ ಆರು ಮೂಲೆಯ ಕೆರೆಯಾಗಿ ಅದು ಇವತ್ತಿಗೂ ಇದೆ. ಕ್ಯಾಮೆರಾ ಕಾಲಕ್ಕೆ ಅಲ್ಲಿ ಹಾಯಿಹಡಗುಗಳ ಸಾಲು ಎಲ್ಲಿಂದ ಬರಬೇಕು?

ಇನ್ನೊಮ್ಮೆ ಅಂಗಡಿಗೆ ಹೋಗುವಾಗ ಹತ್ತು ಪಟ್ಟು ಹಿಗ್ಗಿಸುವ ಭೂತಗನ್ನಡಿ, ಖೋಟಾ ನೋಟು ನೋಡುವ ಯುವಿ ಟಾರ್ಚ್ ಜೇಬಲ್ಲಿರಲಿ. ಕಾಗದಕ್ಕೆ ಯುವಿ ಬೆಳಕಲ್ಲಿ ಹೊಳೆಯುವ ಬಿಳುಪುಕಾರಕ ಸೇರಿಸೋದು ರೂಢಿಗೆ ಬಂದದ್ದು 1950ರ ಹೊತ್ತಿಗೆ. ಟಾರ್ಚ್ ಬಿಟ್ಟಾಗ ನೀಲಿಯಾಗಿ ಹೊಳೆದರೆ ಅದು ಎರಡನೇ ಮಹಾಯುದ್ಧಕ್ಕೆ ಮುಂಚಿನ ಮುದ್ರಣ ಅಲ್ಲ. ಹೊಳೆಯದಿದ್ದರೆ ಹಳೆಯದೇ ಅಂತಲೂ ತೀರ್ಮಾನಿಸಬೇಡಿ, ಬಿಳುಪುಕಾರಕ ಇಲ್ಲದ ಕಾಗದ ಆಮೇಲೂ ಸಿಗುತ್ತಿತ್ತು.

ಸ್ಟಾಲಿನ್ ಚಿತ್ರದ ಹಿಂಬದಿಯನ್ನೂ ಸ್ಕ್ಯಾನ್ ಮಾಡಿ ಇಲ್ಲೇ ಹಾಕಿ. ಸೀಲು, ಪೆನ್ಸಿಲ್ ಗುರುತು ಏನಿದ್ದರೂ ಒರೆಸಬೇಡಿ.